ರೇಡಿಯೋದಲ್ಲಿ ಬಂದ ದೊಡ್ಡವ್ವನ ಪದ

ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡವ್ವ, ತಳಕಲ್‌ನಲ್ಲಿ ಬೀಸುಕಲ್ಲಿನ ಪದಗಳಿಗೆ ಹೆಸರಾದವಳು. 1998ರ ಸುಮಾರಿಗೆ ರೇಡಿಯೋ ನಿಲಯದವರು ಜೀಪಿನಲ್ಲಿ ಬಂದು ಅವಳ ಪದವೊಂದನ್ನು ಟೇಪಿಗೆ ಹಿಡಿದುಕೊಂಡು ಹೋದರು. ಆಗ ನಾನು ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ.

ಆ ಪದ ಉದ್ದದ್ದು. ತವರಿಗೆ ಹೊರಟ ಮಗಳೊಬ್ಬಳು ಹೊಲ ದಾಟಿ, ತುಂಬಿದ ಹಳ್ಳ ದಾಟಿ, ಅವ್ವನ ಬಾಗಿಲು ಮುಟ್ಟುವ ಕಥೆ. ಒಂದೊಂದು ನುಡಿ ಮುಗಿದಾಗಲೂ ದೊಡ್ಡವ್ವ ಸುಮ್ಮನಾಗುತ್ತಿದ್ದಳು. ಒಂದು ಕೈಯಲ್ಲಿ ಗೂಟ ತಿರುಗಿಸುತ್ತ ಇನ್ನೊಂದರಿಂದ ಒಂದು ಹಿಡಿ ಜೋಳ ಹಾಕುವವರೆಗೆ ಕಲ್ಲಿನ ಸದ್ದಷ್ಟೇ ಕೇಳುತ್ತಿತ್ತು. ಆ ಸುಮ್ಮನಿರುವ ಹೊತ್ತಿನಲ್ಲೇ ನನಗೆ ಆ ಮಗಳು ನಡೆಯುತ್ತಿರುವುದು ಕಾಣುತ್ತಿತ್ತು.

ಪ್ರಸಾರದ ಸಂಜೆ ನಾನೂ ತಳಕಲ್‌ಗೆ ಹೋಗಿದ್ದೆ. ಓಣಿಯ ಹೆಂಗಸರೆಲ್ಲ ದೊಡ್ಡವ್ವನ ಮನೆಯ ಕಟ್ಟೆಗೆ ಬಂದು ಕೂತರು. ಪದ ಶುರುವಾಯಿತು. ದನಿ ಎಳೆ ಹುಡುಗಿಯ ದನಿಯಂತೆ ಸಣ್ಣಗಿತ್ತು, ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಿತ್ತು. ಕಲ್ಲಿನ ಸದ್ದೇ ಇಲ್ಲ. ನುಡಿಗಳ ನಡುವೆ ಉಸಿರಿಗೂ ಜಾಗವಿಲ್ಲ. ಮಗಳು ಹಳ್ಳದ ದಂಡೆಗೆ ಬಂದು ನಿಂತಳು, ಅಷ್ಟರಲ್ಲಿ ಸುದ್ದಿ ಶುರುವಾಯಿತು.

"ಹುಡುಗಿ ಹಳ್ಳದಾಗ ಉಳದ್ಳಲ್ಲಬೇ!" ಎಂದು ಪಕ್ಕದ ಮನೆಯಾಕೆ ಅಂದಳು. ಎಲ್ಲರೂ ನಕ್ಕರು.

ದೊಡ್ಡವ್ವ ನಗಲಿಲ್ಲ. "ಅದು ನನ್ನ ದನಿ ಅಲ್ಲ ಬಿಡ್ರಿ" ಎಂದು ಎದ್ದು ಒಳಗೆ ಹೋದಳು.

ನಿಲಯಕ್ಕೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಕೊನೆಗೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ನಾನೇ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅಲ್ಲಿ ಸಿಕ್ಕ ಅಧಿಕಾರಿ ನನ್ನನ್ನು ಕೂರಿಸಿ ಚಹಾ ತರಿಸಿದರು.

"ನಮಗ ಇರೋದು ಏಳು ನಿಮಿಷ. ಅವರ ಪದ ಹನ್ನೊಂದು ನಿಮಿಷ ಐತ್ರಿ. ಸುದ್ದಿಗೆ ತಡ ಮಾಡಾಕ ಬರಂಗಿಲ್ಲ" ಎಂದರು.

"ನಡುವ ಸುಮ್ಮನಿರೋದನ್ನ ಯಾಕ ತೆಗೆದ್ರಿ?"

"ರೇಡಿಯೋ ಸುಮ್ಮನಾದ್ರ ಸ್ಟೇಷನ್ ಬಂದಾತು ಅಂತ ಜನ ಮುಳ್ಳು ತಿರುವತಾರ."

"ಕಲ್ಲಿನ ಸದ್ದು?"

"ಸಣ್ಣ ಸೆಟ್ಟಿನ್ಯಾಗ ಅದು ಬರೇ ಗೊರಗೊರ ಅಂತೈತಿ. ಪ್ರಸಾರ ಕೆಟ್ಟೈತಿ ಅಂತ ಪತ್ರ ಬರ್ತಾವ್ರಿ. ಟೇಪು ತುಸು ಜೋರ್ ಓಡಿಸಿದ್ವಿ, ಅದಕ್ಕ ದನಿ ಹಂಗಾತು. ಅಷ್ಟು ಮಾಡಿದ್ರೂ ಕೊನಿ ನುಡಿ ಹಿಡೀಲಿಲ್ಲ."

ಪ್ರತಿ ಪ್ರಶ್ನೆಗೂ ಅವರಲ್ಲಿ ಉತ್ತರವಿತ್ತು. ಅದೇ ನನ್ನನ್ನು ಹೆಚ್ಚು ರೇಗಿಸಿತು. ಪೂರಾ ಪದವನ್ನು ತಾವು ಎರಡು ಸಲ ಕೇಳಿದ್ದಾಗಿಯೂ, ಭಾಳ ಛಲೋ ಇತ್ತೆಂದೂ ಹೇಳಿದರು. ಇಂಥ ಮನುಷ್ಯನ ಮೇಲೆ ಹೇಗೆ ಕೂಗಾಡುವುದು?

"ಹಂಗಾರ ಆ ಪೂರಾ ಟೇಪು ನನಗ ಕೊಡ್ರಿ" ಅಂದೆ.

ಅವರು ಕಿಟಕಿಯ ಕಡೆ ನೋಡಿದರು. "ಅದರ ಮ್ಯಾಲ ಶೇಂಗಾ ಬೀಜದ ಭಾಷಣ ರೆಕಾರ್ಡ್ ಆಗೇತ್ರಿ. ನಮ್ಮಲ್ಲಿ ಟೇಪು ಕಡಿಮಿ."

ನಾನು ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಬಂದೆ.

ನಾನೇ ರೆಕಾರ್ಡ್ ಮಾಡಬೇಕೆಂದು ಹಟ ಹುಟ್ಟಿತು. ಕಚೇರಿಯ ಗೆಳೆಯನ ಟೇಪ್ ರೆಕಾರ್ಡರ್ ಸಿಗುವ ಹೊತ್ತಿಗೆ ಆರೇಳು ತಿಂಗಳು ಕಳೆದಿದ್ದವು. ಒಂದು ಭಾನುವಾರ ಅದನ್ನು ಹೊತ್ತು ತಳಕಲ್‌ಗೆ ಹೋದೆ. ದೊಡ್ಡವ್ವ ಕಲ್ಲಿನ ಮುಂದೆ ಕೂತಳು. ನಾನು ಗುಂಡಿ ಒತ್ತಿದೆ.

ಅವಳು ಸಣ್ಣ ದನಿಯಲ್ಲಿ, ಎಲ್ಲೂ ನಿಲ್ಲದೆ, ಓಡೋಡಿ ಹಾಡಿದಳು. ಹಳ್ಳದ ದಂಡೆಗೆ ಮುಗಿಸಿಬಿಟ್ಟಳು.

"ಇನ್ನೂ ಐತಲ್ಲಬೇ ದೊಡ್ಡವ್ವಾ?"

"ಈಗ ಎಲ್ಲಾರೂ ಇಷ್ಟ ಕೇಳ್ತಾರಪ್ಪಾ. ಅಳವಂಡ್ಯಾಗ ಒಂದು ಮದಿವ್ಯಾಗ ಪೂರಾ ಹಾಡಾಕ ಹೋದೆ. ರೇಡಿಯೋದಾಗ ಹಿಂಗ ಇರಲಿಲ್ಲ ಅಂದ್ರು. ಹುಡುಗ್ಯಾರು ಅದನ್ನ ಕಲ್ತಾರ. ನಾ ನಿಂತು ನಿಂತು ಹಾಡಿದ್ರ ನನ್ನ ಬಿಟ್ಟು ಮುಂದ ಹೋಗ್ತಾರ."

ಮೊದಲಿನ ಹಾಗೆಯೇ ಹಾಡೆಂದು ಕಾಡಿದೆ. ಹಾಡಿದಳು. ಮೂರು ನುಡಿ ಸರಿಯಾಗಿ ಬಂದವು, ಅದೇ ದಪ್ಪ ದನಿ, ಅದೇ ನಿಲುಗಡೆ. ನಾಲ್ಕನೆಯದಕ್ಕೆ ತಡವರಿಸಿದಳು. ಕಲ್ಲು ತಿರುಗಿಸುತ್ತಲೇ ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದಳು. "ಬಾಯಿಗೆ ಬರವಲ್ದು" ಅಂದಳು.

ನಿಲಯದಲ್ಲಿ ಕೂಗಲಾಗದೆ ಉಳಿದದ್ದೆಲ್ಲ ಆಗ ಹೊರಗೆ ಬಂತು. "ನಿನ್ನ ಪದಾನ ನಿನಗ ಮರತ್ರ ಹೆಂಗ? ಯಾರದೋ ಮಾತು ಕೇಳಿ ಹಾಳು ಮಾಡಿದಿ!" ಎಂದು ಗದರಿದೆ.

ಅವಳು ಸೀರೆಗೆ ಅಂಟಿದ ಹಿಟ್ಟು ಕೊಡವಿಕೊಂಡು ಎದ್ದಳು. ಆಮೇಲೆ ಎಷ್ಟು ಬೇಡಿಕೊಂಡರೂ ಆ ಪದವನ್ನು ನನ್ನ ಮುಂದೆ ಹಾಡಲಿಲ್ಲ. ಅವಳು ತೀರಿಕೊಂಡ ಮೇಲೆ ಆ ಭಾನುವಾರದ ಕ್ಯಾಸೆಟ್ ಆಗಾಗ ಹಾಕುತ್ತೇನೆ. ನನ್ನ ಗದರಿಕೆ ಬರುವ ಮೊದಲೇ ಬಂದ್ ಮಾಡುತ್ತೇನೆ.