ಆಯಸ್ಕಾಂತ ಬಿದ್ದ ಜಾಗ

ಆಯಸ್ಕಾಂತ ಬಿದ್ದ ಸಂಗತಿಯನ್ನು ನನಗೆ ಮೊದಲು ಹೇಳಿದವರು ಕಾರಿನ ಸೀಟು ಹೊಲಿಯುವ ಹಿರಿಯರು. ಹೇಳಿದ್ದು ಹೋದ ತಿಂಗಳ ಎರಡನೆಯ ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ, ತಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತು. ಗ್ಯಾರೇಜುಗಳ ಆ ಬೀದಿಯಲ್ಲಿ ಎಲ್ಲರೂ ಅವರನ್ನು ಸೂಜಿಯಜ್ಜ ಎನ್ನುತ್ತಾರೆ. ಇದನ್ನೇ ಅನಂತರ ಟೈರಿನ ಅಂಗಡಿಯವನಿಂದಲೂ ಬ್ಯಾಟರಿ ಅಂಗಡಿಯವನಿಂದಲೂ ಕೇಳಿದೆ. ಆಯಸ್ಕಾಂತ ಎರಡು ಸಲ ಬಿತ್ತೆಂದು ಒಬ್ಬ, ಮೂರು ಸಲವೆಂದು ಇನ್ನೊಬ್ಬ. ಬಿದ್ದದ್ದು ಒಂದೇ ಸಲ ಎಂದವರು ಆ ಕೆಲಸ ಮಾಡಿದ ಮನುಷ್ಯ. ಇಲ್ಲಿ ಉಳಿಸಿಕೊಂಡಿರುವುದು ಅವರ ಮಾತನ್ನು.

ಬೆಳಗಿನ ಐದೂವರೆ. ಬೀದಿಯ ಉಳಿದ ಷಟರ್‌ಗಳೆಲ್ಲ ಇನ್ನೂ ಮುಚ್ಚಿವೆ. ಒಂದರ ಒಳಗಿನಿಂದ ಮಾತ್ರ ಸುತ್ತಿಗೆಯ ಸದ್ದು ಬರುತ್ತಿದೆ. ತಗಡು ಮೇಸ್ತ್ರಿ ಮೋಟು ಸ್ಟೂಲಿನ ಮೇಲೆ ಕುಳಿತು, ಎಡಗೈಯನ್ನು ಕಾರಿನ ಕಿಟಕಿಯೊಳಗೆ ತೂರಿಸಿ, ಕಬ್ಬಿಣದ ಗಟ್ಟಿಯೊಂದನ್ನು ಛಾವಣಿಯ ಅಂಚಿಗೆ ಒಳಗಿನಿಂದ ಒತ್ತಿ ಹಿಡಿದಿದ್ದಾರೆ. ಬಲಗೈಯ ಸುತ್ತಿಗೆ ಹೊರಗಿನಿಂದ ಅದೇ ಜಾಗವನ್ನು ಹುಡುಕಿ ಬೀಳುತ್ತದೆ. ಹತ್ತು ಪೆಟ್ಟು, ಒಂದು ನಿಲುಗಡೆ. ನಿಂತಾಗಲೆಲ್ಲ ಕಣ್ಣು ಮುಚ್ಚಿ ಅಂಗೈಯನ್ನು ತಗಡಿನ ಮೇಲೆ ಸವರುತ್ತಾರೆ.

"ಕಣ್ಣನ್ನ ನಂಬಬಾರದು. ಬೆಳಕು ಕುಣಿಸಿದ ಹಾಗೆ ಕುಣಿಯುತ್ತೆ. ಅಂಗೈ ಮೋಸ ಮಾಡಲ್ಲ" ಎನ್ನುತ್ತಾರೆ. ಸುತ್ತಿಗೆಯನ್ನೇ ನೋಡುತ್ತ, "ಮೋಸ ಮಾಡಿದ್ದು ನಾನು" ಎಂದು ಸೇರಿಸುತ್ತಾರೆ.

ವಯಸ್ಸು ಐವತ್ತೆಂಟು, ತಗಡು ಬಡಿಯಲು ಹಿಡಿದು ಮೂವತ್ತನಾಲ್ಕು ವರ್ಷ. ಬಳಿ ಹನ್ನೊಂದು ಸುತ್ತಿಗೆಗಳಿವೆ. ದಿನಕ್ಕೆ ಮೂರಷ್ಟೇ ಕೈಗೆ ಬರುತ್ತವೆ. ಅಂಗೈಯಗಲ ತಗ್ಗು ಎದ್ದು ಸಮವಾಗಲು ನಾನೂರು ಪೆಟ್ಟು ಬೇಕೆಂಬುದು ಅವರ ಲೆಕ್ಕ. ಬಲಗಿವಿ ಅರ್ಧ ಕೇಳಿಸುವುದಿಲ್ಲ. ಎಂಟು ಗಂಟೆಗೆ ಶುರುವಾಗುವ ದಿನದ ಕೆಲಸವೆಂದರೆ ನಜ್ಜುಗುಜ್ಜಾದ ವ್ಯಾನು, ಶಾಲೆಯ ಬಸ್ಸು, ಗೋಡೆಗೆ ಗುದ್ದಿಸಿಕೊಂಡ ಹೊಸ ಕಾರು. ಸರಿಯಾಗಿ ಮಾಡಿದರೆ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆಂಬುದೇ ತಿಳಿಯಬಾರದು. ಅಂಥ ಕಸುಬಿನವರು ಎಲೆಮರೆಯ ಕಾಯಾಗಿಯೇ ಉಳಿಯುವುದು ಸಹಜ. ಬೀದಿಯೊಳಗೆ ಮಾತ್ರ ಅವರಿಗೊಂದು ಹೆಸರಿತ್ತು: ಈತನ ಕೆಲಸದ ಮೇಲೆ ಆಯಸ್ಕಾಂತ ಬೀಳುವುದಿಲ್ಲ.

ಅದು ಇಲ್ಲಿನ ಪರೀಕ್ಷೆ. ತಗಡು ನೆಟ್ಟಗಾಗದಿದ್ದರೆ ಮೇಲೆ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ, ಬಣ್ಣ ಹೊಡೆದುಬಿಡಬಹುದು. ಕಣ್ಣಿಗೆ ಗೊತ್ತಾಗುವುದಿಲ್ಲ. ಬಲ್ಲವರು ಬಟ್ಟೆ ಸುತ್ತಿದ ಆಯಸ್ಕಾಂತವೊಂದನ್ನು ಮೈಮೇಲೆ ಎಳೆಯುತ್ತ ಹೋಗುತ್ತಾರೆ. ಕಬ್ಬಿಣವಿದ್ದಲ್ಲಿ ಅಂಟಿಕೊಳ್ಳುತ್ತದೆ, ಪುಟ್ಟಿ ದಪ್ಪವಿದ್ದಲ್ಲಿ ಕೈಬಿಟ್ಟು ಬೀಳುತ್ತದೆ. ಮೇಸ್ತ್ರಿ ಹಳೆಯ ರೇಡಿಯೊದ ಸ್ಪೀಕರಿನಿಂದ ತೆಗೆದ ಆಯಸ್ಕಾಂತವನ್ನು ಬಾಗಿಲ ಪಕ್ಕದ ಮೊಳೆಗೆ ತಾವೇ ನೇತುಹಾಕಿರುತ್ತಿದ್ದರು, ಬಂದವರು ಬೇಕಾದರೆ ಹಾಕಿ ನೋಡಲಿ ಎಂದು.

ಆ ಹೆಸರನ್ನು ಕೇಳಿಯೇ ಮೂರೂವರೆ ವರ್ಷದ ಹಿಂದೆ ಹಲ್ಲಿನ ಡಾಕ್ಟರೊಬ್ಬರು ತಮ್ಮ ತಾತನ ಕಾರನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಹೇರಿಸಿಕೊಂಡು ಬಂದರು. ಎರಡೇ ಬಾಗಿಲಿನ, ಬೆನ್ನು ಇಳಿಜಾರಾದ ಹಳೆಯ ಕೂಪೆ ಕಾರು. ಎಂಜಿನ್ ಜಾಗದಲ್ಲಿ ಇಲಿಗಳ ಸಂಸಾರವಿತ್ತು. ಅದನ್ನು ಹಾಟ್ ರಾಡ್ ಮಾಡಬೇಕೆಂಬುದು ಡಾಕ್ಟರ ಆಸೆ: ಮೈ ಹಳೆಯದು, ಒಳಗಿನ ಜೀವವೆಲ್ಲ ಹೊಸದು. ಹೊಸ ಎಂಜಿನ್, ಡಿಸ್ಕ್ ಬ್ರೇಕ್, ಬೆರಳಲ್ಲಿ ತಿರುಗುವ ಸ್ಟೀರಿಂಗ್, ಹಿಂದೆ ದಪ್ಪ ಟೈರು, ಮತ್ತು ಛಾವಣಿ ನಾಲ್ಕು ಬೆರಳು ಕೆಳಗೆ.

"ಒಂದೇ ಮಾತು ಮೇಸ್ತ್ರಿ, ಪುಟ್ಟಿ ಮಾತ್ರ ಬೇಡ" ಎಂದರಂತೆ ಡಾಕ್ಟರು. "ಹುಳುಕಿಗೆ ಸಿಮೆಂಟ್ ತುಂಬೋದು ನನ್ನ ಕೆಲಸ, ನಿಮ್ಮದಲ್ಲ."

ಹದಿನಾಲ್ಕು ತಿಂಗಳು ಕೆಲಸ ನಡೆಯಿತು. ಬಣ್ಣಕ್ಕೆ ನಿಂತವನು ಮೇಸ್ತ್ರಿಯ ಹೆಂಡತಿಯ ತಮ್ಮ. ಹತ್ತೊಂಬತ್ತು ವರ್ಷದಿಂದ ಭಾವ ಬಡಿದ ತಗಡಿಗೆ ಇವನದೇ ಬಣ್ಣ. ಛಾವಣಿಯೇ ಕಡೆಯ ದೊಡ್ಡ ಕೆಲಸ. ಕಿಟಕಿಗಳ ನಡುವೆ ಛಾವಣಿಯನ್ನು ಹೊತ್ತ ಕಂಬಗಳನ್ನು ಕೊಯ್ದು, ಛಾವಣಿಯನ್ನು ಎತ್ತಿ, ತುಂಡು ತೆಗೆದು, ಮತ್ತೆ ಕೂರಿಸಿ ಬೆಸೆಯಬೇಕು. ಆ ಗ್ಯಾರೇಜಿನ ನೆಲ ಮೋರಿಯ ಕಡೆಗೆ, ಎಡಕ್ಕೆ, ಸ್ವಲ್ಪ ಇಳಿಜಾರು. ಮೇಸ್ತ್ರಿ ಎಂದಿನಿಂದಲೂ ಎಡಗಡೆಯ ಚಕ್ರಗಳ ಕೆಳಗೆ ಹಲಗೆ ಕೊಟ್ಟು ಗಾಡಿಯನ್ನು ಸಮ ಮಾಡಿಕೊಳ್ಳುತ್ತಾರೆ. ಹಿಂದಿನ ದಿನ ವೆಲ್ಡಿಂಗ್ ಸಿಲಿಂಡರಿನ ಬುಡಕ್ಕೆ ನೀರು ನುಗ್ಗಿತೆಂದು ಆ ಹಲಗೆಗಳನ್ನು ತಾವೇ ಅಲ್ಲಿಗೆ ಒಯ್ದಿದ್ದರು, ಬೆಳಿಗ್ಗೆ ಮರೆತರು. ಛಾವಣಿ ಕೂರಿಸಿ ರಸಮಟ್ಟ ಇಟ್ಟಾಗ ಗುಳ್ಳೆ ನಡುವೆ ನಿಲ್ಲಲಿಲ್ಲ. ಅದು ನಿಲ್ಲುವವರೆಗೂ ಬಲಗಡೆಯ ಕಂಬಗಳನ್ನು ಕೊಯ್ದರು.

"ಬೆಸೆದು, ಹೊರಗೆ ತಳ್ಳಿ, ಸಮನೆಲದಲ್ಲಿ ನಿಲ್ಲಿಸಿ ನೋಡಿದೆ. ಛಾವಣಿ ಭೂಮಿಗೆ ಸಮ, ಕಾರಿಗೆ ಓರೆ! ಬಲಕ್ಕೆ ಒಂದು ಬೆರಳು ತಗ್ಗು. ಮೂವತ್ತು ವರ್ಷ ತಗಡು ಬಡಿದವನು ಕಾಲ ಕೆಳಗಿನ ನೆಲ ನೋಡ್ಲಿಲ್ಲ."

ಬಿಚ್ಚಿ ಮತ್ತೆ ಮಾಡಲು ಹದಿನೈದು ದಿನ ಬೇಕಿತ್ತು. ಡಾಕ್ಟರು ಕಾರನ್ನು ಇಡಬೇಕೆಂದಿದ್ದ ಹಳೆಯ ಕಾರುಗಳ ಪ್ರದರ್ಶನಕ್ಕೆ ಉಳಿದದ್ದು ಆರೇ ದಿನ. ಮರುದಿನ ಬೆಳಿಗ್ಗೆ, ಯಾರೂ ಬರುವ ಮೊದಲು, ಇದೇ ಐದೂವರೆಯ ಹೊತ್ತಿಗೆ, ಮೇಸ್ತ್ರಿ ಪುಟ್ಟಿ ಕಲಸಿದರು. ಬಲಗಡೆಯ ಅಂಚಿನುದ್ದಕ್ಕೂ ಒಂದು ಬೆರಳು ದಪ್ಪ ಮೆತ್ತಿ ಗೆರೆ ಸರಿಮಾಡಿದರು. ಒಂಬತ್ತಕ್ಕೆ ಭಾವಮೈದುನ ಬಂದು ವಾಟರ್ ಪೇಪರ್ ಹಿಡಿದು ಉಜ್ಜತೊಡಗಿದ. ಎರಡೇ ನಿಮಿಷಕ್ಕೆ ಕೈ ನಿಲ್ಲಿಸಿದ.

"ಭಾವ, ಇಲ್ಲಿ ಸಪ್ಪಳ ಬೇರೆ ಬರ್ತಿದೆ."

"ನೀನು ಬಣ್ಣ ಹೊಡಿ."

ಅವನು ಹೊಡೆದ.

ಸೂಜಿಯಜ್ಜ ಇಲ್ಲಿ ತಮ್ಮ ಪಾಲನ್ನೂ ಮುಚ್ಚಿಡುವುದಿಲ್ಲ. ಛಾವಣಿಯ ಒಳಬಟ್ಟೆ ಹೊದಿಸಿದವರು ಅವರು. "ಒಳಗೆ ಮಲಗಿ ಮೊಳೆ ಹೊಡೀವಾಗ ಕಂಬ ಗಿಡ್ಡ ಇದ್ದದ್ದು ಕಂಡಿತ್ತು. ನನಗ್ಯಾಕೆ ಅಂತ ಬಟ್ಟೆ ಎಳೆದು ಮುಚ್ಚಿದೆ. ನನ್ನ ಹೊಲಿಗೆ ಚೆನ್ನಾಗಿತ್ತು ನೋಡಿ!"

ಪ್ರದರ್ಶನದ ದಿನ ಡಾಕ್ಟರು ಹಿಗ್ಗಿ ಹೀರೇಕಾಯಿಯಾಗಿದ್ದರು. ಬಂದವರ ಕೈಗೆಲ್ಲ ಮೇಸ್ತ್ರಿಯ ಆಯಸ್ಕಾಂತವನ್ನೇ ಕೊಟ್ಟು, "ಎಲ್ಲಿ ಬೇಕಾದ್ರೂ ಹಾಕಿ ನೋಡಿ" ಎನ್ನುತ್ತಿದ್ದರು. ಯಾರೋ ಒಬ್ಬರು ಅದನ್ನು ಬಲಬಾಗಿಲಿನಿಂದ ಮೇಲಕ್ಕೆ ಎಳೆದರು. ಛಾವಣಿಯ ಅಂಚಿಗೆ ಬಂದದ್ದೇ ಟಕ್ಕೆಂದು ನೆಲಕ್ಕೆ ಬಿತ್ತು. ಸುತ್ತಲಿನವರು ನಕ್ಕರು.

"ಪುಟ್ಟಿ ಯಾರ ಕೆಲಸ?" ಡಾಕ್ಟರು ತಿರುಗಿದ್ದು ಬಣ್ಣದವನ ಕಡೆಗೆ. ಪುಟ್ಟಿ ಬಳಿಯುವುದು ಎಲ್ಲ ಕಡೆಯೂ ಬಣ್ಣದವನೇ ತಾನೆ.

ಅವನು ಭಾವನ ಕಡೆ ನೋಡಿದ. ಒಂದು ಉಸಿರಿನಷ್ಟು ಹೊತ್ತು ಕಾದ. ಆಮೇಲೆ, "ನಂದೇ ಸರ್. ಕೈತಪ್ಪಾಯ್ತು" ಎಂದ.

"ನಾನು ಬಂಪರ್ ಒರೆಸ್ತಿದ್ದೆ" ಎನ್ನುತ್ತಾರೆ ಮೇಸ್ತ್ರಿ. "ಒರೆಸ್ತಾನೇ ಇದ್ದೆ. ಅದು ಆಗಲೇ ಹೊಳೀತಿತ್ತು. ಅದರಲ್ಲಿ ನನ್ನ ಮುಖಾನೇ ಕಾಣ್ತಿತ್ತು, ಆದ್ರೂ ಒರೆಸ್ತಿದ್ದೆ."

ಅದಾಗಿ ಎರಡು ವರ್ಷ. ಬಣ್ಣದವನಿಗೆ ಕಾರಿನ ಕೆಲಸ ಕೊಡುವವರಿಲ್ಲ. ಬೀದಿಯ ಆ ತುದಿಯಲ್ಲಿ ಗೇಟು, ಮಂಚ, ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುತ್ತಾನೆ; ಪುಟ್ಟಿ ಮೇಸ್ತ್ರಿ ಎಂಬ ಅಡ್ಡಹೆಸರೂ ಬಿದ್ದಿದೆ. ಮೇಸ್ತ್ರಿಯ ಹೆಂಡತಿ ಗಂಡನನ್ನು ಏನನ್ನೂ ಕೇಳಲಿಲ್ಲ. ನನ್ನೊಡನೆ ಆಡಿದ್ದು ಇಷ್ಟು: "ತಮ್ಮ ಬರ್ತಾನೆ. ಬಾಗಿಲಲ್ಲೇ ನಿಂತು ಮಾತಾಡಿ ಹೋಗ್ತಾನೆ. ಒಳಗೆ ಬಾರೋ ಅಂದ್ರೆ ಮೈಯೆಲ್ಲ ಬಣ್ಣ ಅಕ್ಕ ಅಂತಾನೆ. ಮೊದಲೂ ಬಣ್ಣ ಇರ್ತಿತ್ತಲ್ಲ! ಅದೇ ಕೈಯಲ್ಲೇ ಉಣ್ತಿರಲಿಲ್ವಾ?"

ಇತ್ತೀಚೆಗೆ ಆ ಅಂಚಿನ ಬಣ್ಣ ಬಿರುಕು ಬಿಟ್ಟಿತು. ಡಾಕ್ಟರು ಕಾರು ತಂದು ನಿಲ್ಲಿಸಿ, "ನಿಮ್ಮ ಭಾವಮೈದುನ ತುಂಬಿದ ಹುಳುಕು, ನೀವೇ ಕಿತ್ತುಹಾಕಿ" ಎಂದರು. ಸದ್ದಿಲ್ಲದೆ ಸರಿಮಾಡಿ ಕಳಿಸಬಹುದಿತ್ತು. ಪುಟ್ಟಿಯನ್ನು ಕೆರೆದಾಗ ಕೆಳಗೆ ಕಂಡದ್ದು ತಮ್ಮದೇ ಸುತ್ತಿಗೆಯ ಗುರುತು, ಎರಡು ವರ್ಷ ಹಾಗೇ ಕಾದು ಕುಳಿತಂತೆ. ಮೇಸ್ತ್ರಿ ಬಾಯಿಬಿಟ್ಟರು: "ಡಾಕ್ಟ್ರೇ, ಇದು ನಂದು."

ಡಾಕ್ಟರು ಬಗ್ಗಿ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರಂತೆ. "ನನಗೊಬ್ಬನಿಗೆ ಹೇಳಿ ಏನು ಬಂತು ಮೇಸ್ತ್ರಿ? ನಾನು ಅವನನ್ನ ಕೇಳಿದ್ದು ಅಷ್ಟು ಜನರ ಎದುರು."

ಅಂದಿನಿಂದ ಹದಿನಾರು ಬೆಳಗು, ದಿನದ ಕೆಲಸಕ್ಕೆ ಮೊದಲು, ಚಕ್ರಗಳ ಕೆಳಗೆ ಹಲಗೆ ಇಟ್ಟು, ಕಂಬಗಳಿಗೆ ತುಂಡು ಬೆಸೆದು, ಅಂಚನ್ನು ಹೊಸ ತಗಡಿನಲ್ಲಿ ಎಬ್ಬಿಸಿದ್ದಾರೆ. ನಾನು ಮೊದಲು ಹೇಳಿದ ಐದೂವರೆ ಅವುಗಳಲ್ಲೊಂದು ಬೆಳಗಿನದು. ಹೋದ ಭಾನುವಾರ ಹತ್ತು ಗಂಟೆಗೆ ಬೀದಿಯವರನ್ನೆಲ್ಲ ಕರೆದರು. ಟೈರುಗಳ ಮೇಲೆ, ಖಾಲಿ ಡಬ್ಬಿಗಳ ಮೇಲೆ ಹದಿನೇಳು ಜನ ಕುಳಿತರು. ಡಾಕ್ಟರೂ ಇದ್ದರು. ಬಣ್ಣದವನು ಎಲ್ಲರಿಗಿಂತ ಕೊನೆಗೆ ಬಂದ. ಅಲ್ಲೂ ಬಾಗಿಲಲ್ಲೇ ನಿಂತ.

ಮೇಸ್ತ್ರಿ ಹಲಗೆಯಿಂದ ಹಿಡಿದು ಬಂಪರಿನವರೆಗೆ ಎಲ್ಲವನ್ನೂ ಹೇಳಿದರು. ಯಾರೂ ನಗಲಿಲ್ಲ. ಟೈರಿನ ಅಂಗಡಿಯವನು ತಲೆ ತಗ್ಗಿಸಿದ. ಪುಟ್ಟಿ ಮೇಸ್ತ್ರಿ ಎಂದು ಮೊದಲು ಕರೆದವನು ಅವನೇ. ಡಾಕ್ಟರು ಬಾಗಿಲ ಕಡೆಗೆ ಎರಡು ಹೆಜ್ಜೆ ಹೋಗಿ, "ತಪ್ಪಾಯ್ತಪ್ಪ" ಎಂದರು. ಬಣ್ಣದವನು ಅವರನ್ನು ದಾಟಿ ಒಳಗೆ ಬಂದು, ಕಣ್ಣು ಮುಚ್ಚಿ, ಬರಿಯ ತಗಡಿನ ಮೇಲೆ ಅಂಗೈ ಸವರಿದ. ಎರಡು ಸಲ ಸವರಿದ.

"ಇಷ್ಟು ಜಾಗಕ್ಕೆ ಬಣ್ಣ ಬೇಡ ಕಣಪ್ಪ" ಎಂದರು ಮೇಸ್ತ್ರಿ. "ಹೀಗೇ ಬಿಡು. ನೋಡಿದವರು ಏನಿದು ಅಂತ ಕೇಳ್ಲಿ. ಪ್ರತಿ ಸಲ ನಾನು ಹೇಳ್ಬೇಕು."

"ತುಕ್ಕು ಹಿಡಿಯುತ್ತೆ" ಎಂದ ಅವನು. ಅನಂತರ ಆ ದಿನ ಮೊದಲ ಬಾರಿಗೆ ಭಾವನ ಮುಖ ನೋಡಿದ. "ನಾಚಿಕೆನೂ ಶೋಕಿಗೆ ಇಡ್ತೀರಾ ಭಾವ?"

ಮೇಸ್ತ್ರಿ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ನಾಳೆ ಒಂಬತ್ತಕ್ಕೆ ಬರ್ತೀನಿ. ಬಣ್ಣ ಕಾರಿಗೆ. ನಿಮಗಲ್ಲ."

"ಆಮೇಲೆ ಮನೆಗೆ? ನಿಮ್ಮಕ್ಕ..."

"ನೋಡೋಣ" ಎಂದು ಅವನು ಹೊರಟ.

ಮೇಸ್ತ್ರಿ ಮೊಳೆಯಲ್ಲಿದ್ದ ಆಯಸ್ಕಾಂತವನ್ನು ತೆಗೆದು ಸೂಜಿಯಜ್ಜನ ಕೈಗಿಟ್ಟರು. ಕುಳಿತವರಿಗೆ ಅವರು ಕೇಳಿಕೊಂಡದ್ದು ಒಂದನ್ನೇ: "ನನ್ನ ಕೆಲಸದ ಮೇಲೆ ಇದು ಬೀಳಲ್ಲ ಅಂತ ಇನ್ನು ಯಾರೂ ಹೇಳ್ಬೇಡಿ. ಒಂದು ಸಲ ಬಿತ್ತು ಅನ್ನಿ. ಯಾರ ಕೆಲಸದ ಮೇಲೆ ಅಂತಾನೂ ಹೇಳಿ."

ಹೂಂ ಎಂದರು ಒಬ್ಬಿಬ್ಬರು. ಬ್ಯಾಟರಿ ಅಂಗಡಿಯವನು ಎದ್ದು ತಾನು ಕುಳಿತ ಡಬ್ಬಿಯನ್ನು ಗೋಡೆಗೆ ಸರಿಸಿಟ್ಟ. ಅವನ ಹಿಂದೆ ಉಳಿದವರೂ ಎದ್ದರು, ಬಟ್ಟೆ ಕೊಡವಿಕೊಂಡರು, ಚಪ್ಪಲಿ ಹುಡುಕಿದರು, ತಮ್ಮ ತಮ್ಮ ಮನೆಗೆ ನಡೆದರು.