ಹನಮವ್ವನ ಬಿಗಿ ಹೆರಳು

ಸಿಂದಗಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದ ಹನಮವ್ವನನ್ನು ಇವತ್ತಿಗೂ ಯಾರೂ ಅಡುಗೆಯ ಸಲುವಾಗಿ ನೆನೆಯುವುದಿಲ್ಲ. ನೆನೆಯುವಂಥದ್ದೂ ಆಗಿರಲಿಲ್ಲ ಬಿಡಿ. ಆಕೆಯ ಸಾರಿನಲ್ಲಿ ಬೇಳೆ ಹುಡುಕುವುದು ಹುಡುಗಿಯರಿಗೆ ಒಂದು ಆಟವೇ ಆಗಿತ್ತು. ಆಕೆ ನೆನಪಾಗುವುದು ಹೆರಳಿನಿಂದ. ತಲೆಗೆ ಎರಡು ಹೆರಳು, ಕಿವಿಯ ಹಿಂದಕ್ಕೆ ಮಡಚಿ ಕೆಂಪು ರಿಬ್ಬನ್ನಿನಿಂದ ಬಿಗಿದರೆ ಮುಗಿಯಿತು. ಓಡಿದರೂ ಬಿಚ್ಚದು, ಖೋಖೋ ಆಡಿ ಮಣ್ಣಲ್ಲಿ ಬಿದ್ದರೂ ಬಿಚ್ಚದು, ಹಾಗೆಯೇ ಮಲಗಿ ಎದ್ದರೂ ಬಿಚ್ಚದು. ಬಜಾರಿನಲ್ಲಿ ಹೋಗುವವರು ಹಿಂದಿನಿಂದ ನೋಡಿಯೇ ಇವರು ಹನಮವ್ವನ ಹುಡುಗಿಯರು ಎಂದು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಹನಮವ್ವ ರೊಟ್ಟಿಯನ್ನು ಸ್ವಲ್ಪ ದೊಡ್ಡದಾಗಿಯೇ ಬಡಿಯುತ್ತಿದ್ದಳು.

ಆಕೆ ಯಂಕಂಚಿಯವಳು. ಗಂಡ ತೀರಿಕೊಂಡ ಮರುವರ್ಷ, ಇಸವಿ ಎಂಬತ್ತನಾಲ್ಕರಲ್ಲಿ, ಕೂಸು ಸುಭಾಸನನ್ನು ಸೊಂಟದ ಮೇಲೆ ಹೊತ್ತು ಕೆಲಸಕ್ಕೆ ಸೇರಿದಳು. ತಲೆ ಹಿಕ್ಕುವುದು ಆಕೆಯ ಕೆಲಸವಾಗಿರಲಿಲ್ಲ. ಆದರೆ ಸೇರಿದ ಎರಡನೇ ತಿಂಗಳು ಹೇನು ಹೆಚ್ಚಾದವೆಂದು ಆಗಿನ ವಾರ್ಡನ್ ಹನ್ನೊಂದು ಹುಡುಗಿಯರ ಕೂದಲನ್ನು ಕುತ್ತಿಗೆಯ ತನಕ ಕತ್ತರಿಸಿ ಹಾಕಿಸಿದರು. ಭಾನುವಾರ ಬುತ್ತಿ ಕಟ್ಟಿಕೊಂಡು ಬಂದ ತಾಯಂದಿರಲ್ಲಿ ಗೊಳಸಂಗಿಯ ಒಬ್ಬಾಕೆ, ಮಗಳ ಬೋಳುಬೋಳು ಕುತ್ತಿಗೆಯನ್ನು ಸವರುತ್ತ ಬುತ್ತಿ ಬಿಚ್ಚುವುದನ್ನೇ ಮರೆತು ಅತ್ತಳು. ಹನಮವ್ವ ಒಲೆಯ ಮುಂದೆ ಕುಳಿತು ನೋಡಿದಳು. ಮರುದಿನ ನಸುಕಿನಲ್ಲಿ ಎಣ್ಣೆಯ ಬಟ್ಟಲು, ತಲೆ ಬಾಚುವ ಹಣಿಗಿ ಹಿಡಿದು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು, "ಬರ್ರೆವಾ, ಇವತ್ತಿಂದ ನಿಮ್ಮ ತಲಿ ನಾ ಹಿಕ್ಕತೇನಿ" ಎಂದು ಕರೆದಳು.

ಎಲ್ಲರೂ ಬರಲಿಲ್ಲ. ಹನಮವ್ವ ಯಾವ ಓಣಿಯವಳು ಎಂದು ಮನೆಯಲ್ಲಿ ಹೇಳಿಸಿಕೊಂಡು ಬಂದಿದ್ದ ಕೆಲವರು ದೂರ ನಿಂತರು. ಆಕೆ ಬಾ ಎನ್ನಲಿಲ್ಲ, ಬೈಯಲೂ ಇಲ್ಲ. ಹದಿನೈದು ದಿನದಲ್ಲಿ ಅವರ ಕೂದಲು ಗಂಟುಗಟ್ಟಿ, ಪ್ರಾರ್ಥನೆಗೆ ನಿಂತಾಗ ಗುರುಗಳಿಂದ ಬೈಸಿಕೊಂಡು, ಕಡೆಗೆ ತಾವಾಗಿಯೇ ಬಂದು ಕುಳಿತರು. ಯಾವ ಮನೆತನದ ತಲೆಯಾದರೇನು, ತನ್ನ ಮೊಣಕಾಲುಗಳ ನಡುವೆಯೇ ಬಗ್ಗಬೇಕು ಎಂಬುದು ಹನಮವ್ವನಿಗೆ ಕೊಟ್ಟ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಮಾತ್ರ ಆಕೆ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಲಿಲ್ಲ.

ಇದ್ದವು ಎಂಬತ್ತು ತಲೆ. ರೊಟ್ಟಿಗೆ ಹಿಟ್ಟು ನಾದುವುದರೊಳಗೆ ಮುಗಿಯಬೇಕು. ದಿನ ಬಿಟ್ಟು ದಿನ ಸರದಿ ಹಚ್ಚಿದಳು, ಇವತ್ತು ನಲವತ್ತು, ನಾಳೆ ನಲವತ್ತು. ಇವತ್ತು ಹಾಕಿದ್ದು ನಾಳೆ ಸಂಜೆಯವರೆಗೂ ನಿಲ್ಲಬೇಕಾದರೆ ಕೂದಲನ್ನು ಬುಡದಿಂದಲೇ ಜಗ್ಗಿ ಹೆಣೆಯಬೇಕಲ್ಲ? ಜಗ್ಗಿದಳು. ಹುಬ್ಬು ಮೇಲೇರಿ, ಕಣ್ಣು ಸೀಳಿಕೊಂಡು, ಹುಡುಗಿಯರು ಮಧ್ಯಾಹ್ನದ ತನಕ ಬೆರಗಾದವರ ಹಾಗೆ ಕಾಣುತ್ತಿದ್ದರು. "ಚಿಗವ್ವಾ, ಬ್ಯಾನಿ ಆಗ್ತೈತಿ" ಎಂದು ಯಾರಾದರೂ ನೋವಿಗೆ ಕುಂಯ್‌ಗುಟ್ಟಿದರೆ ಹನಮವ್ವನ ಉತ್ತರ ಸಿದ್ಧವಿತ್ತು.

"ತಡಕೋ. ಬಿಗಿ ಹಾಕಿದ್ರ ಕೂದಲಾ ಉದ್ದ ಬೆಳಿತಾವ."

ಹುಡುಗಿಯರು ತಡೆದುಕೊಂಡರು. ಬೆಳೆಯಲೂ ಬೆಳೆದವು, ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹೇಗೂ ಬೆಳೆಯುತ್ತವೆ. ಇಂಡಿ ಕಡೆಯವರು ಸೂಟಿಗೆ ಊರಿಗೆ ಹೋಗಿ ಬರುವಾಗ ಚೀಲದಲ್ಲಿ ನಾಲ್ಕು ಲಿಂಬೆಹಣ್ಣು ತಂದುಕೊಟ್ಟು, "ತಲಿಗೆ ಹಚ್ಚು ಚಿಗವ್ವಾ, ಹೊಟ್ಟ ಹೋಗ್ತೈತಿ" ಎನ್ನುತ್ತಿದ್ದರು. ಮುದ್ದೇಬಿಹಾಳ ಕಡೆಯವರ ಕೂದಲು ಗಡಸು, ಬಾಗೇವಾಡಿಯ ಒಬ್ಬಳದು ನೀರಿನ ಹಾಗೆ ಜಾರುವಂಥದ್ದು. ತಾಳಿಕೋಟೆಯ ಸಾಬೀರಾಳದಂತೂ ಒಂದು ಕೈಯಲ್ಲಿ ಹಿಡಿಯಲು ಬಾರದಷ್ಟು ದಪ್ಪ. ಐದನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ಏಳೆಂಟು ವರ್ಷ ಆ ತಲೆಯನ್ನು ಹನಮವ್ವ ಹಿಕ್ಕಿದಳು. ಹೊಸ ಹುಡುಗಿಯರು ಬಂದಾಗಲೆಲ್ಲ ಸಾಬೀರಾಳನ್ನು ತಿರುಗಿಸಿ ನಿಲ್ಲಿಸಿ, "ನೋಡ್ರಿ, ನನ್ನ ಕೈಯಾಗ ಬೆಳದದ್ದು" ಎಂದು ತೋರಿಸುತ್ತಿದ್ದಳು. ಆ ಮುಂಜಾನೆಗಳನ್ನು ಈಗಲೂ ನೆನೆದರೆ ಹನಮವ್ವನಿಗೆ ಮೊದಲು ಬರುವುದು ಎಣ್ಣೆಯ ವಾಸನೆ, ಆಮೇಲೆ ಹುಡುಗಿಯರು ನಿದ್ದೆಗಣ್ಣಲ್ಲಿ ಗುನುಗುವ ಮಗ್ಗಿಯ ಸದ್ದು.

ಎರಡು ಸಾವಿರದ ಹದಿನೈದರಲ್ಲಿ ನಿವೃತ್ತಿಯಾಯಿತು. ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಯಂಕಂಚಿಗೆ ಬಂದ ಹನಮವ್ವನ ಕೈಗಳು ಕೆಲಸವಿಲ್ಲದೆ ಇದ್ದದ್ದು ಒಂದೇ ರಾತ್ರಿ. ಮುಂಜಾನೆ ಎದ್ದವಳೇ ಸುಭಾಸನ ನಾಲ್ಕು ವರ್ಷದ ಮಗಳು ಪ್ರಜ್ಞಾಳನ್ನು ಎಳೆದು ಕೂಡಿಸಿಕೊಂಡು ಹಾಸ್ಟೆಲಿನ ಹೆರಳು ಹಾಕಿದಳು. ಹುಡುಗಿ ಅತ್ತಳು. "ತಡಕೋ, ಉದ್ದ ಬೆಳಿತಾವ." ಹೀಗೆ ಹತ್ತು ವರ್ಷ ಒಂದು ದಿನವೂ ತಪ್ಪಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಸೊಸೆ ಕೋಮಲ ಮಗಳಿಗೆ ಎಣ್ಣೆ ಹಚ್ಚುವಾಗ ಗಮನಿಸಿದಳು. ಪ್ರಜ್ಞಾಳ ಹಣೆಯ ಎರಡೂ ಮೂಲೆಯಲ್ಲಿ ಕೂದಲು ತೆಳುವಾಗಿ, ಹೆಬ್ಬೆರಳಿನಗಲ ಚರ್ಮ ಹೊಳೆಯುತ್ತಿತ್ತು. ಕೋಮಲ ಅಂಗನವಾಡಿ ಟೀಚರು, ಏನೇ ಆದರೂ ಮೊದಲು ಮೊಬೈಲನ್ನು ಕೇಳುವವಳು. ಮೊಬೈಲಿನಲ್ಲಿ ಒಬ್ಬಳು ಹೆರಳು ಹಾಕಿದರೇ ಕೂದಲು ಉಳಿಯುತ್ತದೆ ಅಂದರೆ, ಇನ್ನೊಬ್ಬಳು ಹೆರಳಿನಿಂದಲೇ ಕೂದಲು ಹೋಗುತ್ತದೆ ಅಂದಳು. ಇಬ್ಬರ ಕೂದಲೂ ಮೊಣಕಾಲ ತನಕ ಇತ್ತು. ಯಾರನ್ನು ನಂಬುವುದು? ಕಡೆಗೆ ಮಗಳನ್ನು ವಿಜಯಪುರಕ್ಕೆ ಕರೆದೊಯ್ದು ಚರ್ಮದ ಡಾಕ್ಟರಿಗೆ ತೋರಿಸಿದಳು. ಹನಮವ್ವನೂ ಹಟಮಾಡಿ ಹೋದಳು.

ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, ದಿನಾ ಹೆರಳು ಯಾರು ಹಾಕುತ್ತಾರೆ ಎಂದು ಕೇಳಿದರು. "ನಾನ್ರಿ" ಎಂದಳು ಹನಮವ್ವ, ಎದೆ ಸೆಟೆಸಿ.

"ಹೆರಳು ಕೆಟ್ಟದ್ದಲ್ಲ ಅಜ್ಜಿ. ಸಡಿಲ ಹಾಕಿದರೆ ಧೂಳು, ಸಿಕ್ಕು ಏನೂ ಆಗೂದಿಲ್ಲ, ಕೂದಲಿಗೆ ಅದೇ ಒಳ್ಳೇದು. ಕೆಟ್ಟದ್ದು ಜಗ್ಗೂದು. ನೀವು ಬುಡ ಜಗ್ಗಿ ಜಗ್ಗಿ ಕೂದಲು ಕಿತ್ತುಹೋಗ್ಯಾವ. ಈಗ ನಿಲ್ಲಿಸಿದರೆ ಇವಳದು ಬಹುಶಃ ತಿರುಗಿ ಬರ್ತಾವು. ವರ್ಷಾನುಗಟ್ಟಲೆ ಹಂಗೇ ನಡೆದರೆ ಬುಡ ಸತ್ತುಹೋಗತೈತಿ, ಆಮೇಲೆ ಬರೂದಿಲ್ಲ."

ಹೊರಗೆ ಬಂದಮೇಲೆ ಹನಮವ್ವ ಉರಿದುಬಿದ್ದಳು. "ಅವನ ತಲಿ ನೋಡಿದಿ ಏನ ಕೋಮಲಾ? ಮೊದಲ ತನ್ನ ನೆತ್ತಿ ಮ್ಯಾಲಿಂದು ನೋಡಕೋ ಅನ್ನು. ಅವನಿಗೂ ನಾನ ಹೆರಳ ಹಾಕಿನೇನು?" ಮರುದಿನ ಮುಂಜಾನೆ ಆಕೆ ಕಟ್ಟೆಯ ಮೇಲೆ ಹಣಿಗಿ ಹಿಡಿದು ಕುಳಿತರೆ ಪ್ರಜ್ಞಾ ಬರಲಿಲ್ಲ. ಕೂದಲನ್ನು ತಾನೇ ಒಂದು ರಬ್ಬರಿನಲ್ಲಿ ಸೇರಿಸಿಕೊಂಡು, ಆಯಿ ಎಂದು ಕರೆಯುವ ಅಜ್ಜಿಯ ಕಡೆ ನೋಡದೆ ಸಾಲೆಗೆ ಹೋದಳು.

ಮೊಮ್ಮಗಳು ಮುನಿದದ್ದಕ್ಕಿಂತ ದೊಡ್ಡದಾದ ಒಂದು ಭಯ ಹನಮವ್ವನನ್ನು ಹಿಡಿಯಿತು. ಮೂವತ್ತೊಂದು ವರ್ಷ, ವರ್ಷಕ್ಕೆ ಎಂಬತ್ತು ತಲೆ. ಡಾಕ್ಟರು ಹೇಳಿದ್ದು ಖರೆಯಾದರೆ, ತಾನು ಜೀವನದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಏನಾಯಿತು? ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಸೀರೆ ಬದಲಿಸಿ, "ತಾಳಿಕೋಟಿಗೆ ಹೋಗಿ ಸಾಬೀರಾನ ತಲಿ ನೋಡಿ ಬರ್ತೇನಿ. ನನ್ನ ಕೈ ಸುಳ್ಳಾದ್ರ ಆಕಿ ತಲಿ ಹೇಳ್ತೈತಿ" ಎಂದು ಹೊರಟಳು. ಕಂಡಕ್ಟರನಿಗೆ ಆಧಾರ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಕುಳಿತು, ಹಾದಿಯುದ್ದಕ್ಕೂ ಬಸ್ಸಿನ ಹೆಂಗಸರ ಹಣೆಗಳನ್ನು ಕಳ್ಳಗಣ್ಣಿನಿಂದ ನೋಡಿದಳು.

ಸಾಬೀರಾ ಈಗ ಅಲ್ಲಿಯ ಒಂದು ಪ್ರಾಥಮಿಕ ಶಾಲೆಯ ಟೀಚರು, ವಯಸ್ಸು ನಲವತ್ತೆಂಟರ ಹತ್ತಿರ. ಬಾಗಿಲಲ್ಲಿ ಹನಮವ್ವನನ್ನು ಕಂಡವಳೇ ತಬ್ಬಿಕೊಂಡು ಒಳಗೆ ಕರೆದೊಯ್ದು, ಚಹಾ ಕೊಟ್ಟು, ಹಾಸ್ಟೆಲಿನ ಸಾರಿನ ಚೇಷ್ಟೆ ಮಾಡಿದಳು. ತಲೆಯ ಮೇಲಿನ ಸೆರಗು ಮಾತ್ರ ಹಣೆಯ ಮೇಲೆ ಮುಂದಕ್ಕೇ ಇತ್ತು. ಹನಮವ್ವ ಚಹಾ ಕೆಳಗಿಟ್ಟು, ಸುತ್ತುಬಳಸದೆ ಕೇಳಿದಳು.

"ಸೆರಗ ತಗಿ ಸಾಬೀರಾ. ನಿನ್ನ ತಲಿ ನೋಡಬೇಕು."

ಸಾಬೀರಾ ನಕ್ಕಳು. ಆಮೇಲೆ ಮುದುಕಿಯ ಮುಖ ನೋಡಿ ನಗು ನಿಲ್ಲಿಸಿದಳು. ಸೆರಗು ಸರಿಸಿದಳು. ಹಣೆಯ ಎರಡು ಮೂಲೆ, ಕಿವಿಯ ಮೇಲಿನ ತನಕ, ಎರಡು ಬೆರಳಗಲ ನುಣ್ಣಗೆ ಬೋಳಾಗಿತ್ತು. ಹನಮವ್ವ ಕೈ ಚಾಚಿ ಆ ಜಾಗವನ್ನು ಮುಟ್ಟಿದಳು.

"ನನ್ನ ಕೈಯಿಂದನ ಏನ?"

"ಹೌದ ಚಿಗವ್ವಾ" ಎಂದಳು ಸಾಬೀರಾ. "ಸುಳ್ಳ ಯಾಕ ಹೇಳಲಿ. ಮದಿವಿ ದಿನ ಪಾರ್ಲರದಾಕಿ ಇಲ್ಲೆ ಕರಿ ಬಣ್ಣ ಹಚ್ಚಿ ಮುಚ್ಚಿದ್ಲು. ನಿನ್ನ ಮ್ಯಾಲ ಭಾಳ ಸಿಟ್ಟ ಬಂದಿತ್ತು."

"ಈಗ?"

"ಈಗೂ ಕನ್ನಡಿ ಮುಂದ ನಿಂತಾಗ ಒಂದೀಟ ಬರ್ತೈತಿ."

ಅಷ್ಟು ಹೇಳಿ ಸಾಬೀರಾ ಹಿಂದಕ್ಕೆ ತಿರುಗಿ ಮುಡಿ ಬಿಚ್ಚಿದಳು. ಸೊಂಟ ದಾಟಿ ಇಳಿಯಿತು, ಅಲ್ಲಲ್ಲಿ ಬೆಳ್ಳಗಾಗಿದ್ದರೂ ಇವತ್ತಿಗೂ ಕೈತುಂಬ. "ಇದೂ ನಿನ್ನ ಕೈದ ಅಲ್ಲೇನು? ನಮ್ಮವ್ವ ಸತ್ತ ವರ್ಷ ನಾ ಹಾಸ್ಟೆಲಕ ಬಂದೆ. ನೀ ಹಿಕ್ಕದಿದ್ರ ವಾರ್ಡನ್ನರು ಎಲ್ಲಾ ಕತ್ತರಿಸಿ ಹಾಕತಿದ್ರು. ಆದ್ರ ಒಂದ ಮಾತ ಕೇಳ್ತೇನಿ, ಅಷ್ಟ ಯಾಕ ಜಗ್ಗತಿದ್ದಿ?"

ಬಿಗಿ ಹಾಕಿದರೆ ಉದ್ದ ಬೆಳಿತಾವ ಎಂದು ಹೇಳಲು ಹನಮವ್ವ ಬಾಯಿ ತೆರೆದಳು. ಹೇಳದೆ, ಕೆಳಗಿಟ್ಟಿದ್ದ ಆರಿದ ಚಹಾ ಎತ್ತಿ ಕುಡಿದಳು.

ಉತ್ತರ ಸಿಕ್ಕಿದ್ದು ತಿರುಗಿ ಬರುವ ಬಸ್ಸಿನಲ್ಲಿ. ಹೆರಳು ಹಾಕಲು ಶುರುಮಾಡಿದ ಮೊದಲ ವಾರ. ಒಲೆಯ ಮೇಲೆ ಹಂಚು ಕಾದು ಹೊಗೆಯಾಡುತ್ತಿದೆ, ಇನ್ನೂ ಹದಿನೈದು ತಲೆ ಉಳಿದಿವೆ, ಮುಂದೆ ಕುಳಿತ ಸಣ್ಣ ಹುಡುಗಿ ನೋವಿನಿಂದ ಅಳು ನಿಲ್ಲಿಸುತ್ತಿಲ್ಲ. ಆಗ ಬಾಯಿಗೆ ಬಂದದ್ದನ್ನು ಹನಮವ್ವ ಹೇಳಿಬಿಟ್ಟಿದ್ದಳು. ಹುಡುಗಿ ಸುಮ್ಮನಾದಳು. ಉಪಯೋಗಕ್ಕೆ ಬಂತೆಂದು ಮರುದಿನ ಇನ್ನೊಬ್ಬಳಿಗೆ ಹೇಳಿದಳು, ಮುಂದಿನ ವಾರ ಎಲ್ಲರಿಗೂ. ಹಿರಿಯರು ಯಾರೂ ಆಕೆಗೆ ಆ ಮಾತನ್ನು ಕಲಿಸಿರಲಿಲ್ಲ. ತಾನು ಆಡಿದ ಸುಳ್ಳನ್ನು ತಾನೇ ನಂಬಿ, ನಲವತ್ತು ವರ್ಷ ಅದರ ಮೇಲೆ ಹೆಮ್ಮೆಪಟ್ಟುಕೊಂಡು ಕುಳಿತಿದ್ದಳು. ಹನಮವ್ವನಿಗೆ ಬಸ್ಸಿನಲ್ಲಿಯೇ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು, ಪಾಪ.

ಮರುದಿನ ಭಾನುವಾರ. ಪ್ರಜ್ಞಾ ತಲೆಗೆ ನೀರು ಹಾಕಿಕೊಂಡು, ಕೂದಲು ಹರಡಿ, ಕಟ್ಟೆಯ ಬಿಸಿಲಿನಲ್ಲಿ ವಿಜ್ಞಾನದ ಪುಸ್ತಕ ಓದುತ್ತಿದ್ದಳು. ಹನಮವ್ವ ಆಕೆಯ ಎದುರಿಗೆ ಬಂದು ಕುಳಿತಳು. ಎಪ್ಪತ್ತು ವರ್ಷದ ಹೆಂಗಸಿಗೆ ಹದಿನಾಲ್ಕರ ಹುಡುಗಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೂ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಸಾಬೀರಾಳ ಹಣೆ, ಕಾದ ಹಂಚು, ಅಳುವ ಹುಡುಗಿ, ಬಾಯಿಗೆ ಬಂದ ಸುಳ್ಳು.

"ಎಂಬತ್ತ ತಲಿ ಇದ್ದುವವಾ. ಸಾವಕಾಶ ಹಾಕಾಕ ಹೊತ್ತ ಎಲ್ಲಿತ್ತು? ಅದಕ್ಕ ಜಗ್ಗಿದೆ."

ಪ್ರಜ್ಞಾ ಪುಸ್ತಕ ಮುಚ್ಚಿದಳು.

"ಅಲ್ಲೆ ಎಂಬತ್ತ ತಲಿ ಇದ್ದು, ಸರಿ. ಮನ್ಯಾಗ ನಂದೊಂದ ತಲಿ ಇತ್ತಲ್ಲ ಆಯಿ. ನನಗ್ಯಾಕ ಜಗ್ಗಿದಿ?"

ಹನಮವ್ವನಿಗೆ ಅದು ನೇರ ಎದೆಗೆ ತಾಕಿತು. ಇಷ್ಟು ದಿನ ಯೋಚಿಸಿದರೂ ಈ ಪ್ರಶ್ನೆ ಆಕೆಗೆ ಹೊಳೆದಿರಲಿಲ್ಲ. ಇಲ್ಲಿ ಹಂಚು ಕಾಯುತ್ತಿರಲಿಲ್ಲ, ಗಂಟೆ ಬಾರಿಸುವವರಿರಲಿಲ್ಲ. ಇಡೀ ಮುಂಜಾನೆ ಇವರಿಬ್ಬರದೇ ಆಗಿತ್ತು, ಅದೂ ಹತ್ತು ವರ್ಷದ ಮುಂಜಾನೆಗಳು.

"ನನ್ನ ಕೈಗೆ ಬ್ಯಾರೆ ನಮೂನಿ ಬರೂದಿಲ್ಲ ನನ್ನವ್ವಾ" ಎಂದಳು ಕಡೆಗೆ. "ಸಾವಕಾಶ ಹಾಕೂದು ನಾ ಕಲಿಲೇ ಇಲ್ಲ."

ಪ್ರಜ್ಞಾ ಎದ್ದು ಒಳಗೆ ಹೋದಳು. ಹೋದಳೆಂದು ಹನಮವ್ವ ತಲೆ ತಗ್ಗಿಸಿ ಕುಳಿತಳು. ಹುಡುಗಿ ಹಣಿಗಿ ಹಿಡಿದು ಬಂದು, ಅದನ್ನು ಆಯಿಯ ತೊಡೆಯ ಮೇಲೆ ಹಾಕಿ, ಬೆನ್ನು ತಿರುಗಿಸಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

"ಹಂಗಾದ್ರ ಈಗ ಕಲಿ. ಬ್ಯಾನಿ ಆದ್ರ ಹೇಳ್ತೇನಿ."

ಹನಮವ್ವ ಹೆಣೆದಳು. ಬಿಗಿಯಾಯಿತೆಂದು ತಾನೇ ಬಿಚ್ಚಿದಳು. ಮತ್ತೆ ಹೆಣೆದಳು, "ಆಯಿ" ಎಂದಳು ಹುಡುಗಿ, ಬಿಚ್ಚಿದಳು. ಮೂರನೆಯದು ಅರ್ಧಕ್ಕೇ ಜಾರಿತು. ನಾಲ್ಕನೇ ಸಲ ಬೆರಳುಗಳು ಹೇಗೋ ಮಾತು ಕೇಳಿದವು. ಹೆರಳು ಸೊಟ್ಟಗಿತ್ತು, ಅಲ್ಲಲ್ಲಿ ಎಳೆ ಹೊರಗೆ ಬಂದಿತ್ತು, ಆದರೂ ನಿಂತಿತು. ಸರಿಯಾಯಿತೇನು ಎಂದು ಕೇಳಿದಳು. ಪ್ರಜ್ಞಾ ಉತ್ತರ ಕೊಡಲಿಲ್ಲ. ಬಗ್ಗಿ ನೋಡಿದರೆ ಹುಡುಗಿ ಆಯಿಯ ಮೊಣಕಾಲಿಗೆ ಕೆನ್ನೆಯೊರಗಿಸಿ ನಿದ್ದೆ ಹೋಗಿದ್ದಳು. ಅಷ್ಟು ಸಾವಿರ ತಲೆ ಹಿಕ್ಕಿದ ಹನಮವ್ವನ ಕೈಯಲ್ಲಿ ಅಲ್ಲಿಯ ತನಕ ಒಂದು ಮಗುವೂ ನಿದ್ದೆ ಹೋಗಿರಲಿಲ್ಲ.