ಎಂಜಿನ್ ಬಿಸಿಯಾಗುವ ಮುನ್ನ ಬರುವ ಕೊಟ್ರಪ್ಪ

ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿ. ಬೆಳಗಿನ ಐದೂವರೆ. ಡಿಸೆಂಬರ್ ಚಳಿಗೆ ಕಾರುಗಳ ಗಾಜಿನ ಮೇಲೆಲ್ಲ ಇಬ್ಬನಿ ಕೂತಿದೆ. ಇಪ್ಪತ್ತು ವರ್ಷ ಹಳೆಯದಾದ ಒಂದು ಕಾರಿನ ಪಕ್ಕ ಮಂಕಿ ಟೋಪಿ ಹಾಕಿಕೊಂಡು ಕೊಟ್ರಪ್ಪ ನಿಂತಿದ್ದಾರೆ. ಮನೆಯ ಯಜಮಾನರು ಕೀಲಿ ಹಿಡಿದು ಬರುತ್ತಿದ್ದಂತೆ ಕೈ ಅಡ್ಡ ಹಿಡಿಯುತ್ತಾರೆ.

"ಮುಟ್ಬೇಡಿ ಸಾರ್. ಒಂದ್ಸಲ ಸ್ಟಾರ್ಟ್ ಆಗಿ ಬಿಸಿಯಾಗ್ಬಿಟ್ರೆ ತೊಂದ್ರೆ ಕಾಣಲ್ಲ, ಇವತ್ತಿನ ಬೆಳಗ್ಗೆ ವೇಸ್ಟು."

ಕೀಲಿಯನ್ನು ಇಸಿದುಕೊಂಡು, ಅವರ ಕೆಲಸ ನೋಡಲು ಜೊತೆಗೆ ಬಂದಿರುವ ನನ್ನ ಕೈಗೆ ಕೊಟ್ಟು, ಅರ್ಧ ಮಾತ್ರ ತಿರುಗಿಸಲು ಹೇಳಿ, ತಾವು ಕೆಳಗೆ ಪೆಟ್ರೋಲ್ ಪಂಪ್ ಇರುವ ಹಿಂದಿನ ಸೀಟಿಗೆ ಕಿವಿಯಾನಿಸುತ್ತಾರೆ. ಎರಡು ಸೆಕೆಂಡು ದುಂಬಿ ಗುಂಯ್ ಎಂದ ಹಾಗೆ ಸದ್ದು. "ಪಂಪ್ ಚೆನ್ನಾಗೇ ಇದೆ. ರಾತ್ರಿಯೆಲ್ಲ ಪೆಟ್ರೋಲ್ ಪೈಪಿಂದ ವಾಪಸ್ ಟ್ಯಾಂಕಿಗೆ ಇಳೀತಿದೆ, ಅಷ್ಟೇ." ಪೈಪು ಮತ್ತೆ ತುಂಬಲೆಂದು ಹಾಗೇ ಮೂರು ಸಲ ಕೀಲಿಯನ್ನು ಅರ್ಧ ತಿರುಗಿಸುತ್ತೇನೆ. ನಾಲ್ಕನೆಯ ಸಲ ಪೂರ್ತಿ ತಿರುಗಿಸಿದಾಗ ಎಂಜಿನ್ ಎದ್ದು ಕೂರುತ್ತದೆ. ಪೆಟ್ರೋಲ್ ಹಿಂದಕ್ಕೆ ಇಳಿಯದಂತೆ ತಡೆಯಬೇಕಾದ ವಾಲ್ವ್ ಸವೆದಿದೆ, ಅದನ್ನು ಬದಲಿಸಲು ನಾಳೆ ಬರುವುದಾಗಿ ಹೇಳಿ ಅವರು ಮೊಪೆಡ್ ಹತ್ತುತ್ತಾರೆ.

ಐವತ್ನಾಲ್ಕರ ಕೊಟ್ರಪ್ಪ ಕೊಟ್ಟೂರು ಕಡೆಯವರು. ಕೂಡ್ಲಿಗಿಯಲ್ಲಿ ಕೆಲಸಕ್ಕಿದ್ದ ಗ್ಯಾರೇಜು ಮುಚ್ಚಿದಾಗ ಬೆಂಗಳೂರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಟ್ಟಮಡುವಿನಲ್ಲಿ ಒಂದು ಕೋಣೆ. ಹಗಲು ಸಾರಕ್ಕಿಯ ಬಿಡಿಭಾಗದ ಅಂಗಡಿಯೊಂದರಲ್ಲಿ ವೈರಿಂಗ್ ಕೆಲಸ. ಚಳಿಗೆ ಏಳದ ಹಳೆಯ ಕಾರುಗಳಿಗೆ ಮಾತ್ರ ಬೆಳಗಿನ ಹೊತ್ತು ಮೀಸಲು. ದಿನಕ್ಕೆ ಎರಡೇ ಮನೆ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಬಿಸಿಲು ಬಂದಿರುತ್ತದೆ.

ಜಯನಗರದ ಅನ್ನಪೂರ್ಣ ಮೇಡಂ ಅವರ ಪತಿಗೆ ವಾರಕ್ಕೆರಡು ಸಲ ಬೆಳಗಿನ ಏಳಕ್ಕೆ ಡಯಾಲಿಸಿಸ್. ಅಷ್ಟು ಬೆಳಗ್ಗೆ ಹೊರಡಬೇಕಾದ ಆ ದಿನಗಳಲ್ಲೇ ಕಾರು ಕೈಕೊಡುತ್ತಿತ್ತು. ಆಟೊ ಹುಡುಕಿ ತಡವಾಗಿ ಹೋದರೆ ಯಂತ್ರದಲ್ಲಿ ಇನ್ನೊಬ್ಬರು ಇರುತ್ತಿದ್ದರು. ಎರಡು ಗ್ಯಾರೇಜಿನವರು ಬ್ಯಾಟರಿ, ಪಂಪು ಎಲ್ಲ ಬದಲಿಸಿದ್ದರು. "ಅವ್ರು ನೋಡೋದು ಹನ್ನೊಂದು ಗಂಟೆಗೆ. ಹನ್ನೊಂದಕ್ಕೆ ಎಲ್ಲಾ ಗಾಡೀನೂ ಸ್ಟಾರ್ಟ್ ಆಗುತ್ತೆ ಸಾರ್," ಎನ್ನುತ್ತಾರೆ ಕೊಟ್ರಪ್ಪ.

ಅವರು ಸತತ ನಾಲ್ಕು ದಿನ ಐದೂವರೆಗೆ ಹೋಗಿ ಕಾದರು. ಮೂರು ದಿನ ಕಾರು ತೊಂದರೆಯಿಲ್ಲದೆ ಎದ್ದಿತು. ನಾಲ್ಕನೆಯ ದಿನ ಕೀಲಿ ತಿರುಗಿಸಿದರೆ ಹಿಂದಿನಿಂದ ಸದ್ದೇ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ, ಪಂಪಿಗೆ ಕರೆಂಟು ಕೊಡುವ ಬೆಂಕಿಪೊಟ್ಟಣದಷ್ಟಿರುವ ರಿಲೇಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಪಂಪು ಓಡಿತು. ಬಿಚ್ಚಿ ನೋಡಿದರೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಚಳಿಗೆ ಬಾಯಿ ಬಿಡುತ್ತಿತ್ತು, ಬಿಸಿಲಿಗೆ ಕೂಡಿಕೊಳ್ಳುತ್ತಿತ್ತು. ಅಲ್ಲೇ ಹೊಸ ಬೆಸುಗೆ ಹಾಕಿ ಕೂರಿಸಿದರು.

"ಅವತ್ತು ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಆಸ್ಪತ್ರೆ ಬಾಗಿಲಲ್ಲಿದ್ವಿ," ಎಂದು ನೆನೆಯುತ್ತಾರೆ ಅನ್ನಪೂರ್ಣ. "ಏನು ಬೇಕು ಹೇಳಿ ಅಂದೆ. ಒಂದು ಭಾನುವಾರ ಕಾರು ಕೊಡ್ತೀರಾ ಮೇಡಂ ಅಂದ್ರು."

ಕೊಟ್ರಪ್ಪನವರ ಹೆಂಡತಿ ಶಾಂತಾದೇವಿ ಊರಿನ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವರು. ಮಕ್ಕಳಿಲ್ಲ. ಕಾಯಂ ನೌಕರಿ, ಬಿಡುವಂತಿಲ್ಲ. ನಿವೃತ್ತಿಗೆ ಇನ್ನೂ ಆರು ವರ್ಷ. ಇಬ್ಬರೂ ಭೇಟಿಯಾಗುವುದು ಎರಡು ತಿಂಗಳಿಗೊಮ್ಮೆ. ಉಳಿದಂತೆ ದಿನಾ ಬೆಳಗ್ಗೆ ಮೊದಲ ಕಾರು ಮುಗಿದ ಮೇಲೆ ಒಂದು ಫೋನು. ಇವತ್ತೂ ಬರುತ್ತದೆ.

"ಗಾಡಿ ಚಾಲೂ ಆತೇನ್ರೀ?"

"ಆತು. ಹುಡುಗ್ರ ಉಪ್ಪಿಟ್ಟು ಆತಾ?"

"ಆತ್ರಿ. ಚಾ ಕುಡೀರಿ ಮೊದ್ಲು."

ಅಷ್ಟೇ. ಫೋನಿಟ್ಟ ಮೇಲೂ ಅವರು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲೇ ಹಿಡಿದಿರುತ್ತಾರೆ.

ಸಾವಿರಾರು ಕಾರು ಎಬ್ಬಿಸಿದ ಮನುಷ್ಯ ಹೆಂಡತಿಯನ್ನು ಒಮ್ಮೆಯೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿರಲಿಲ್ಲ. ಹೋದ ತಿಂಗಳು ಆಕೆ ಬಂದಾಗ ಅನ್ನಪೂರ್ಣ ಕೀಲಿ ಕೊಟ್ಟರು. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿವರೆಗೆ ಹೋಗಿ ಬರುವುದೆಂದು ಹೊರಟರು.

"ಹೊಸ ಸೀರೆ ಉಟ್ಕೊಂಡಿದ್ಲು. ಸಾರಕ್ಕಿ ಸಿಗ್ನಲ್ಲಲ್ಲಿ ನಿಲ್ಸಿದೀನಿ, ಪಕ್ಕ ನೋಡಿದ್ರೆ ನಿದ್ದೆ. ಹತ್ತೊಂಬತ್ತು ವರ್ಷದಿಂದ ಮೂರೂವರೆಗೆ ಎದ್ದು ಇನ್ನೂರು ಮಕ್ಕಳಿಗೆ ಒಲೆ ಹಚ್ಚೋಳು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

ಆಕೆಯನ್ನು ಮಲಗಲು ಬಿಟ್ಟು ಹಾರೋಹಳ್ಳಿವರೆಗೆ ಓಡಿಸಿದರು. ಆಕೆ ಊರಿಗೆ ಮರಳುವ ಸಂಜೆಯ ಬಸ್ಸಿಗೆ ಹೊತ್ತಾಗುತ್ತದೆಂದು ಕಾರು ತಿರುಗಿಸಿದರು. ಆಕೆ ಕಣ್ಣು ಬಿಟ್ಟಾಗ ಕಾರು ಮತ್ತೆ ಅದೇ ಸಾರಕ್ಕಿ ಸಿಗ್ನಲ್ಲಿನಲ್ಲಿತ್ತು.

"'ಇನ್ನೂ ಇಲ್ಲೇ ಅದೀವೇನ್ರೀ?' ಅಂದ್ಲು. ಹೋಗಿ ಬಂದ್ವಿ ಅಂದೆ." ಕೊಟ್ರಪ್ಪ ನಗುತ್ತಾರೆ. ಆಮೇಲೆ ಟೋಪಿ ತೆಗೆದು ತಲೆ ಸವರಿಕೊಳ್ಳುತ್ತಾರೆ. "ಬಸ್ ಹತ್ತೋವರೆಗೂ ಬಯ್ದ್ಲು ಸಾರ್, ಯಾಕೆ ಎಬ್ಬಿಸ್ಲಿಲ್ಲ ಅಂತ."

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಮುಂದಿನ ಸಲ ದೂರ ಹೋಗ್ಬೇಕು. ಅವಳು ಮಲಗಿ ಎದ್ದ ಮೇಲೂ ಇನ್ನಷ್ಟು ದಾರಿ ಉಳಿದಿರ್ಬೇಕು."